ದಾರಿಯನ್ನು ಮೂವರ ಬಳಿ ಕೇಳಿ ಎಂದ ಮಹನೀಯರಿಗೆ

ಪರದೇಶದವರು ನಮ್ಮ ದೇಶದಲ್ಲಿ ಹೇಗೆ ಓಡಾಡಬೇಕು, ಹೇಗೆ ಬಾಳಬೇಕು ಎಂದು ಪುಸ್ತಕ ಬರೆದ ಮಾನ್ಯರೇ,

ಸಿಗ್ಸಿಗ್ ಊರಿನ ಇಗರ್ಜಿ ಹಿಂದಿನ ಓಣಿಯಲ್ಲಿ ಹುಲ್ಲಿನ ಟೋಪಿ ಹೆಣೆದು ಬದುಕುವ ತಾರ್ಹೇಲಿಯಾ ಲಿತೂಮಾ ಎಂಬ ನಾನು, ಕನ್ಯಾಮರಿಯಮ್ಮನ ಹೆಸರಿನಲ್ಲಿ ತಮಗೆ ನಮಸ್ಕರಿಸಿ, ತಮ್ಮ ಮನೆಮಂದಿಯೆಲ್ಲ ಕ್ಷೇಮವೆಂದೂ ತಮ್ಮ ಬೂಟುಗಳು ಇಷ್ಟು ಹೊತ್ತಿಗೆ ಒಣಗಿವೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಆರನೇ ತರಗತಿವರೆಗೆ ಓದಿದವಳು. ತಪ್ಪುಗಳಿದ್ದರೆ ತಮ್ಮ ಪುಸ್ತಕದ ತಪ್ಪುಗಳ ಜೊತೆ ಸೇರಿಸಿ ಕ್ಷಮಿಸಿಬಿಡಬೇಕು.

ನಮ್ಮ ಓಣಿಯಲ್ಲಿ ಬಾಡಿಗೆಗಿರುವ ಪರದೇಶದ ಟೀಚರಮ್ಮ ತಮ್ಮ ಪುಸ್ತಕವನ್ನು ನಮ್ಮ ಭಾಷೆಗೆ ತಿರುಗಿಸಿ ಓದಿ ಹೇಳಿದಳು. ನೀರು ಕುದಿಸಿ ಕುಡಿಯಿರಿ ಎಂದಿದ್ದೀರಿ, ಸರಿ. ಮನೆಯೊಳಗೆ ಕಾಲಿಟ್ಟರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಹೇಳಿ ಎಂದಿದ್ದೀರಿ, ಬಹಳ ಸರಿ. ಆಮೇಲೆ ನಲವತ್ತೇಳನೇ ಪುಟದಲ್ಲಿ, ಈ ಜನ ಗೊತ್ತಿಲ್ಲವೆಂದು ಹೇಳುವವರಲ್ಲ, ಗೊತ್ತಿಲ್ಲದಿದ್ದರೂ ದಾರಿ ತೋರಿಸಿಬಿಡುತ್ತಾರೆ, ಆದ್ದರಿಂದ ಮೂವರನ್ನು ಕೇಳಿ, ಇಬ್ಬರು ಒಪ್ಪಿದ ಕಡೆ ಹೋಗಿ ಎಂದು ಬರೆದಿದ್ದೀರಿ.

ಗೊತ್ತಿಲ್ಲವೆಂದು ನಾವು ಹೇಳುವುದಿಲ್ಲ, ಒಪ್ಪಿದೆ. ಬಿಸಿಲಲ್ಲಿ ಬೆವರುತ್ತ ಅಷ್ಟು ದೂರದಿಂದ ಬಂದ ಮನುಷ್ಯ ಬಾಯಿಬಿಟ್ಟು ಒಂದು ದಾರಿ ಕೇಳಿದರೆ, ಅವನನ್ನು ಬರಿಗೈಯಲ್ಲಿ ಕಳಿಸಲು ನಮಗೆ ಮನಸ್ಸು ಬರುವುದಿಲ್ಲ. ಇದ್ದದ್ದರಲ್ಲಿ ಒಂದು ದಾರಿ ಕೊಡುತ್ತೇವೆ. ಆದರೆ ಕೊಟ್ಟ ದಾರಿಯನ್ನು ನನ್ನ ಕಣ್ಣೆದುರಿಗೇ ಪಕ್ಕದವರ ಹತ್ತಿರ ಒಯ್ದು ಸರಿಯಿದೆಯಾ ನೋಡಿ ಎನ್ನುವುದು ಯಾವ ಊರಿನ ಮರ್ಯಾದೆ ಸ್ವಾಮಿ?

ಅದೂ ಎಂಥ ಓಣಿಯಲ್ಲಿ! ಹಗಲು ಹೊತ್ತು ಇಲ್ಲಿ ಬಾಗಿಲಲ್ಲಿ ಕೂತಿರುವವರೇ ಮೂವರು. ಒಬ್ಬಳು ನಾನು. ಎದುರಿನ ಹಸಿರು ಬಾಗಿಲಲ್ಲಿ ನನ್ನ ಅಕ್ಕ ಓರ್ತೆನ್ಸಿಯಾ, ಅವಳೂ ಟೋಪಿ ಹೆಣೆಯುತ್ತಾಳೆ, ನನ್ನಷ್ಟು ಸಣ್ಣ ಹೆಣಿಗೆಯಲ್ಲ. ಮೂರನೆಯವರು ಚಮ್ಮಾರ ದೋನ್ ಮೆಸಿಯಾಸ್. ಬಾಯಿತುಂಬ ಮೊಳೆ ಇಟ್ಟುಕೊಂಡೇ ಕೆಲಸ ಮಾಡುವ ಅವರು ಯಾರು ಏನು ಕೇಳಿದರೂ ತಲೆಯೆತ್ತದೆ "ನೇರ ಹೋಗಿ" ಎನ್ನುತ್ತಾರೆ. ಬಸ್ ನಿಲ್ದಾಣಕ್ಕೆ ಬಲಗಡೆ ಹೋಗಿ ಎಂದು ನಾನು ಹೇಳುತ್ತೇನೆ, ಅದೇ ಸರಿ. ನಾನು ಬಲ ಎಂದಿದ್ದಕ್ಕಾಗಿಯೇ ಅಕ್ಕ ಎಡ ಎನ್ನುತ್ತಾಳೆ. ಇಬ್ಬರೂ ಒಪ್ಪದಿರುವುದರಿಂದ ತಮ್ಮ ಓದುಗರು ಗಡ್ಡದ ಹಿರಿಯರೆಂದು ದೋನ್ ಮೆಸಿಯಾಸರನ್ನು ನಂಬುತ್ತಾರೆ. ಓಣಿಯ ನೇರಕ್ಕೆ ಇರುವುದು ಹೊಳೆ. ಈ ವರ್ಷ ಎಷ್ಟು ಜನ ಪೆಟ್ಟಿಗೆ ತಲೆಮೇಲಿಟ್ಟುಕೊಂಡು ಮೊಣಕಾಲುದ್ದ ನೀರಲ್ಲಿ ನಿಂತು ಬಸ್ಸಿಗೆ ಕಾದರೋ ಆ ದೇವರೇ ಬಲ್ಲ.

ಅಕ್ಕನೂ ನಾನೂ ಮಾತು ಬಿಟ್ಟು ಹನ್ನೊಂದು ವರ್ಷ. ಅಮ್ಮ ಸಾಯುವಾಗ ಮನೆಯ ಬಾಲಯೇಸುವಿನ ಪುಟ್ಟ ಮೂರ್ತಿಯನ್ನು ಒಬ್ಬೊಬ್ಬರು ಒಂದೊಂದು ವರ್ಷ ಇಟ್ಟುಕೊಳ್ಳಿ ಎಂದಿದ್ದಳು. ಹಿರಿಯಳೆಂದು ಮೊದಲ ವರ್ಷ ಅಕ್ಕ ಒಯ್ದಳು. ಅವಳ ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಕೇಳಿದರೆ, ದೇವರಿಗೆ ನನ್ನ ಮನೆ ಒಗ್ಗಿದೆ ಎಂದಳು. ನಾನು ಇಗರ್ಜಿಯ ಮೆಟ್ಟಿಲ ಮೇಲೆ ಊರಿನವರೆಲ್ಲರ ಎದುರು ಕಳ್ಳಿ ಎಂದುಬಿಟ್ಟೆ. ಆ ಮಾತಿಗೆ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿದ್ದೇನೆ, ಅಕ್ಕನ ಬಳಿ ಮಾಡಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಅವಳ ತೋಳಲ್ಲಿರುವ ಅವನನ್ನು ಇಗರ್ಜಿಯ ಹಿಂದಿನ ಬೆಂಚಿನಿಂದ ಕತ್ತು ಉದ್ದ ಮಾಡಿ ನೋಡಿ ಬರುತ್ತಿದ್ದೆ.

ಇಂಥ ಅಚ್ಚುಕಟ್ಟಾದ ಮೌನವನ್ನು ತಮ್ಮ ಪುಸ್ತಕ ಕೆಡಿಸಿತು. ಹೋದ ತಿಂಗಳು ಒಬ್ಬ ಎತ್ತರದ ಮನುಷ್ಯ ನನ್ನ ದಾರಿಯನ್ನು ಅವಳಲ್ಲಿಗೆ ಒಯ್ದು, ಅವಳ ಮಾತನ್ನು ನನಗೆ ಮರಳಿ ತಂದ: "ಆಯಮ್ಮ ಹೇಳಿದ್ರು, ಅವ್ಳಿಗೆ ಎಡಗೈ ಯಾವ್ದು ಬಲಗೈ ಯಾವ್ದು ಅಂತ ಹುಟ್ಟಿದಾಗಿಂದ ಗೊತ್ತಿಲ್ಲ, ಶಿಲುಬೆ ಗುರುತು ಹಾಕೋವಾಗ್ಲೂ ನನ್ನ ನೋಡ್ಕೊಂಡೇ ಹಾಕ್ತಿದ್ಲು, ಅಂತ." ನಾನು ಬಿಡುತ್ತೇನೆಯೇ? "ಅವಳನ್ನ ನೋಡಿ ಕಲ್ತಿದ್ದಕ್ಕೇ ಇವತ್ತಿಗೂ ತಪ್ಪು ಹಾಕ್ತೀನಿ ಅಂತ ಹೇಳಪ್ಪ" ಎಂದೆ. ಪಾಪ, ಏಳು ಸಲ ಓಣಿ ದಾಟಿದ. ಕೊನೆಗೆ ಎಲ್ಲಿಗೆ ಹೊರಟಿದ್ದೆನೆಂದೇ ಮರೆತು, ನನ್ನಲ್ಲಿ ಬೇಯಿಸಿದ ಜೋಳವನ್ನೂ ಅವಳಲ್ಲಿ ಹುರಿದ ಹಂದಿಮಾಂಸವನ್ನೂ ಉಂಡು ಸಂತೋಷದಿಂದ ಹೋದ. ಹೋಗಿದ್ದು ಹೊಳೆಗೇ.

ಹೋದ ವಾರ ದಪ್ಪ ಕನ್ನಡಕದ ಒಬ್ಬ ಹೆಂಗಸು ಬಂದಳು. ಅವಳು ಕೇಳಿದ್ದು ಬಸ್ ನಿಲ್ದಾಣ. ಅಕ್ಕನ ಬಾಗಿಲಿನಿಂದ ತಂದದ್ದು ಬೇರೆ: "ಬಾಲಯೇಸುವಿನ ಅಂಗಿ ಮೊಣಕೈ ಹತ್ರ ಹರ್ದಿದೆಯಂತೆ, ಅವ್ರ ಕಣ್ಣಿಗೆ ಈಗ ಸೂಜಿ ಕಾಣ್ಸೋದಿಲ್ವಂತೆ." ನಾನು ಎದ್ದು ಒಳಗೆ ಹೋದೆ. ಒಳಗೆ ಏನು ಮಾಡಿದೆನೆಂಬುದು ಪುಸ್ತಕದವರಿಗೆ ಬೇಡದ ವಿಷಯ. ಮಖಮಲ್ಲು ಅರ್ಧ ಗಜ ಸಾಕಾಯಿತು.

ಆದ್ದರಿಂದ ಮಹಾಜ್ಞಾನಿಗಳೂ, ಪರದೇಶದವರ ದಾರಿದೀಪವೂ, ನಮ್ಮ ಹೊಳೆಯ ಪರಮಮಿತ್ರರೂ ಆದ ತಮ್ಮಲ್ಲಿ ನನ್ನ ವಿನಂತಿಗಳು ಏನೆಂದರೆ: ಆ ಹೊಳೆಯನ್ನು ತಾವು ದಯಮಾಡಿ ಎಡಕ್ಕೋ ಬಲಕ್ಕೋ ಸರಿಸಬೇಕು. ಅದಾಗದಿದ್ದರೆ ನಲವತ್ತೇಳನೇ ಪುಟವನ್ನು ತೆಗೆದು, ಆ ಜಾಗದಲ್ಲಿ, ಸಿಗ್ಸಿಗ್‌ಗೆ ಬಂದವರೆಲ್ಲ ಮೊದಲು ಹಸಿರು ಬಾಗಿಲು ತಟ್ಟಿ, ನಿಮ್ಮ ತಂಗಿ ಅಂಗಿ ಹೊಲಿದಿಟ್ಟಿದ್ದಾಳೆ, ಈ ಕ್ರಿಸ್ಮಸ್‌ಗೆ ಬಾಲಯೇಸುವನ್ನು ಅವಳ ಮನೆಗೆ ಕಳಿಸಿಕೊಡಿ, ಅವನಿಗೆ ನಡೆಯಲು ಬಾರದಾದ್ದರಿಂದ ತಾವೇ ಎತ್ತಿಕೊಂಡು ಬರಬೇಕಾಗುತ್ತದೆ ಎಂದು ಹೇಳತಕ್ಕದ್ದು, ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಕ್ರಿಸ್ಮಸ್‌ಗೆ ಇನ್ನು ಹನ್ನೆರಡೇ ದಿನ ಇರುವುದರಿಂದ ತಮ್ಮ ಮುದ್ರಕರು ನಿದ್ದೆ ಬಿಟ್ಟರೆ ಒಳ್ಳೆಯದು.

ತಾವು ನಂಬದೇ ಇದ್ದರೂ ಸರಿದಾರಿಯನ್ನೇ ಹೇಳಿದ,
ತಮ್ಮ ವಿಶ್ವಾಸಿ,
ತಾರ್ಹೇಲಿಯಾ ಲಿತೂಮಾ

ಮರೆತಿದ್ದು: ತಮ್ಮನ್ನು ನಾನು ಮರೆತಿಲ್ಲ. ನೀಲಿ ಟೋಪಿ, ಹೊಸ ಬೂಟು, ಮೂರು ವರ್ಷದ ಕೆಳಗೆ. ಮೊದಲು ಕೇಳಿದ್ದು ನನ್ನನ್ನೇ. ನಾನು ಬಲ ಎಂದಿದ್ದೆ. ಹೊಳೆಯಿಂದ ಪಚಪಚ ಎನ್ನುತ್ತ ಮರಳಿ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಆ ಸಿಟ್ಟಿಗೇ ಪುಸ್ತಕ ಬರೆದಿರಿ.

ಇನ್ನೊಂದು: ಈ ಪತ್ರ ಮಡಿಸುವಷ್ಟರಲ್ಲಿ ತಮ್ಮ ಪುಸ್ತಕ ಹಿಡಿದ ಒಬ್ಬ ಮುದುಕ ಅಕ್ಕನ ಮಾತು ತಂದ: "ಹೊಲ್ದಿದ್ರೆ ನೀಲೀನೇ ಇರ್ಲಿ, ಅಮ್ಮ ನೀಲೀನೇ ಹೊಲೀತಿದ್ಲು. ತರೋದಾದ್ರೆ ಅವ್ಳೇ ತರ್ಲಿ." ನನ್ನ ಮಖಮಲ್ಲು ನೀಲಿಯದೇ. ನಾವಿಬ್ಬರೂ ಒಪ್ಪಿದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಆದರೂ ತಮ್ಮ ಪುಟಕ್ಕೆ ಮರ್ಯಾದೆ ಕೊಟ್ಟು, ಅಂಗಿಯನ್ನು ಶಾಲಿನಲ್ಲಿ ಸುತ್ತಿ, ಹೊಸ್ತಿಲಲ್ಲಿ ನಿಂತು ಮೂರನೆಯವರನ್ನೂ ಕೇಳಿದೆ. ದೋನ್ ಮೆಸಿಯಾಸ್ ತಲೆಯೆತ್ತಲಿಲ್ಲ. "ನೇರ ಹೋಗಿ" ಎಂದರು. ಅಕ್ಕನ ಬಾಗಿಲು ನನ್ನ ಬಾಗಿಲಿಗೆ ನೇರ ಎದುರಿಗಿದೆ. ಪತ್ರವನ್ನು ಹೋಗಿ ಬಂದ ಮೇಲೆ ಅಂಚೆಗೆ ಹಾಕುತ್ತೇನೆ.