ಅಕ್ಕನ ವಿಳಾಸದ ಮರ್ಯಾದೆ

ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ನಾನೂ ನಮ್ಮಕ್ಕ ನೀಲವ್ವನೂ ಗಿರಮಿಟ್ಟಿಗಾಗಿ ಜಗಳವಾಡಿದ್ದೆವು. ಅಂಥ ದಿನ ಮನುಷ್ಯರು ಏನಾದರೂ ದೊಡ್ಡ ಮಾತು ಆಡಿಕೊಂಡಿರುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಅಂಗಡಿಗೆ ಸಂಜೆ ಚುರುಮುರಿಗೆ ಉಳ್ಳಾಗಡ್ಡಿ, ಖಾರ ಕಲಸಿದ ಗಿರಮಿಟ್ಟು ಎರಡು ಪೊಟ್ಟಣ ಬಂದಿತ್ತು. ಉಳ್ಳಾಗಡ್ಡಿ ಹೆಚ್ಚು ಬಿದ್ದಿದ್ದ ಪೊಟ್ಟಣವನ್ನು ನಾನೇ ಎತ್ತಿಕೊಂಡೆ ಎಂಬುದು ಅವಳ ದೂರು. ಅದು ಖರೇ ಇತ್ತು. ದೂರು ಹೇಳುತ್ತಲೇ ಅವಳು ಕಂಪ್ಯೂಟರಿನಲ್ಲಿ ನಾನು ಬೆಳಿಗ್ಗೆ ಒಬ್ಬ ಗಿರಾಕಿಗೆ ಬರೆದಿಟ್ಟಿದ್ದ ಮೇಲ್ ತೆರೆದಳು. ‘ತಮ್ಮ ಮಾಲು ಸಿದ್ಧವಿದೆ. ಒಯ್ಯತಕ್ಕದ್ದು’ ಎಂದಿತ್ತು. ‘ತಮ್ಮಾ, ಇದು ಮೇಲ್ ಏನೋ, ಕೋರ್ಟಿನ ನೋಟೀಸೋ? ಓದಿದಾವ ಮಾಲು ಒಯ್ಯೂದು ಬಿಟ್ಟು ವಕೀಲರನ್ನ ಹುಡುಕ್ಕೊಂಡ ಹೋಗ್ತಾನ’ ಎಂದು ಅಳಿಸಿ, ತಾನೇ ಹೊಸದಾಗಿ ಬರೆದು ಕಳಿಸಿದಳು. ನಾನು ‘ಮೇಲ್ ಯಾರ ಓದ್ತಾರ ಬಿಡಬೇ’ ಎಂದು ಉಳಿದ ಗಿರಮಿಟ್ಟು ಮುಗಿಸಿದೆ. ಮರುದಿನ ಬೆಳಿಗ್ಗೆ ಅಕ್ಕ ಏಳಲಿಲ್ಲ.

ಅಕ್ಕ ಬೇಗ ಗಂಡನನ್ನು ಕಳೆದುಕೊಂಡವಳು, ನಾನು ಮದುವೆಯೇ ಆಗದವನು. ಒಂದೇ ಮನೆ, ಒಂದೇ ಅಂಗಡಿ. ಯಂತ್ರದ ಎರಡು ಭಾಗಗಳ ನಡುವೆ ಕೂತು ಎಣ್ಣೆ, ನೀರು, ಹಬೆ ಸೋರದಂತೆ ತಡೆಯುವ ರಬ್ಬರಿನ ಬಿಲ್ಲೆಗಳನ್ನು, ಅಂದರೆ ಗ್ಯಾಸ್ಕೆಟ್‌ಗಳನ್ನು, ಕತ್ತರಿಸಿ ಮಾರುವುದು ನಮ್ಮ ಕಸುಬು. ಹಿಂದಿನ ಶೆಡ್ಡಿನಲ್ಲಿ ಮೂವರು ಕೆಲಸದವರು. ಕತ್ತರಿಸುವುದನ್ನು ನಾನು ನೋಡಿಕೊಳ್ಳುತ್ತಿದ್ದೆ, ಬರೆಯುವುದನ್ನೆಲ್ಲ ಅಕ್ಕ. ಅಂಗಡಿಯ ಮೇಲ್ ವಿಳಾಸವೂ ಅವಳ ಹೆಸರಿನಲ್ಲೇ ಇತ್ತು.

ನಮ್ಮ ಮಂದಿಯಲ್ಲಿ ಮದುವೆಗೆ ಕರೆಯದಿದ್ದರೆ ಎರಡು ವರ್ಷ ಮುನಿಯುತ್ತಾರೆ. ಸತ್ತವರ ಶಿವಗಣಾರಾಧನೆಗೆ ತಿಳಿಸದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಮುನಿಯುತ್ತಾರೆ. ಹೀಗಾಗಿ ಒಬ್ಬರನ್ನೂ ಬಿಡಬಾರದೆಂದು ಅಕ್ಕ ಬಂಧುಗಳು, ಗಿರಾಕಿಗಳು ಎಲ್ಲರ ಮೇಲ್ ವಿಳಾಸಗಳನ್ನು ಬರೆದಿಟ್ಟಿದ್ದ ದಪ್ಪ ನೋಟುಬುಕ್ಕು ತೆಗೆದುಕೊಂಡು ಕೂತೆ. ಅದರಲ್ಲಿ ಅರ್ಧದಷ್ಟು ವಿಳಾಸಗಳ ಮೇಲೆ ಅವಳು ಕೆಂಪು ಪೆನ್ನಿನಿಂದ ಗೀಟು ಹಾಕಿದ್ದಳು. ಯಾವ ಯಾವ ಕಾರಣಕ್ಕೋ ಇಷ್ಟು ಜನರೊಡನೆ ಮಾತು ಬಿಟ್ಟಿದ್ದಳಲ್ಲ ಎಂದು ನನಗೆ ಅಳುವೇ ಬಂತು. ಸಾವಿನ ಮನೆಯಲ್ಲಿ ಮುನಿಸು ಇಟ್ಟುಕೊಳ್ಳಬಾರದು. ಹತ್ತು ವರ್ಷ ಮುಖ ನೋಡದ ದಾಯಾದಿಯೂ ಆ ದಿನ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾನೆ. ಅಕ್ಕನ ಪರವಾಗಿ ನಾನು ಅವರನ್ನೆಲ್ಲ ಕ್ಷಮಿಸಿದೆ. ಗೀಟು ಹಾಕಿದ್ದವರನ್ನೂ ಸೇರಿಸಿ ಇಡೀ ನೋಟುಬುಕ್ಕಿಗೆ ಅಕ್ಕನ ವಿಳಾಸದಿಂದಲೇ ಮೇಲ್ ಕಳಿಸಿದೆ. ಕಳಿಸಿದ ಮೇಲೆ ವೇಳೆ ಬರೆಯಲು ಮರೆತದ್ದು ನೆನಪಾಯಿತು, ಮತ್ತೆ ಕಳಿಸಿದೆ. ಅದರಲ್ಲಿ ವಾರ ತಪ್ಪಾಗಿತ್ತು. ಮೂರನೆಯ ಸಲ ಕಳಿಸಿದೆ.

ಉತ್ತರಗಳು ಬಂದವು. ‘ನಿಮ್ಮ ಪತ್ರ ನಮಗೆ ಅಮೂಲ್ಯ. ಎರಡು ಕೆಲಸದ ದಿನಗಳೊಳಗೆ ನಮ್ಮ ಪ್ರತಿನಿಧಿ ನಿಮ್ಮನ್ನು ಸಂಪರ್ಕಿಸುತ್ತಾರೆ’ ಎಂದು ಒಂದು ಕಂಪನಿ ಬರೆದಿತ್ತು. ನಾನು ಎರಡು ಕೆಲಸದ ದಿನ ಕಾದೆ ಎಂಬುದನ್ನು ನಿಮಗಷ್ಟೇ ಹೇಳುತ್ತಿದ್ದೇನೆ. ಇನ್ನೊಬ್ಬರು ‘ದಯವಿಟ್ಟು ಈ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿ’ ಎಂದಿದ್ದರು. ಅಳುವವರ ಪಟ್ಟಿಯಲ್ಲಿ ಅವರನ್ನು ಸೇರಿಸಿದ್ದು ನನ್ನದೇ ತಪ್ಪು. ವಿಳಾಸವೇ ಇಲ್ಲವೆಂದು ಹೊಳ್ಳಿ ಬಂದ ಮೇಲ್‌ಗಳಂತೂ ಲೆಕ್ಕ ಮೀರಿದ್ದವು.

ನಮ್ಮ ಅಂಗಡಿ ನಡೆಯುವುದು ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುನ್ನ ವರ್ಷದ ಗ್ಯಾಸ್ಕೆಟ್‌ಗಳನ್ನು ಒಮ್ಮೆಲೇ ತರಿಸುತ್ತಾರೆ. ಆ ಆರ್ಡರು ತಪ್ಪಿದರೆ ಶೆಡ್ಡಿನ ಮೂವರಿಗೆ ಮಾಡಲು ಕೆಲಸವಿಲ್ಲ. ನಾನು ಅದೇ ವಿಳಾಸದಿಂದ ದರಪಟ್ಟಿ ಕಳಿಸಿದೆ. ಹದಿನೈದು ದಿನ ಕಳೆದರೂ ಸುದ್ದಿಯಿಲ್ಲ. ಕೊನೆಗೆ ಅಲ್ಲಿನ ಖರೀದಿ ಅಧಿಕಾರಿ ಪಾಟೀಲರಿಗೆ ಫೋನ್ ಮಾಡಿದೆ. ‘ನಿಮ್ಮದೇನೂ ಬಂದಿಲ್ಲರಿ. ರಜಿಸ್ಟರ್ ಆದ ವಿಳಾಸದಿಂದ ಮೇಲ್ ಬರಬೇಕು, ರೂಲ್ಸ್ ಹಂಗೈತಿ. ದಸರಾತನಕ ನೋಡ್ತೀನಿ, ಆಮ್ಯಾಲ ಆರ್ಡರು ಪುಣೆಯವರಿಗೆ ಹೋಗತೈತಿ’ ಎಂದರು.

ದೇಶಪಾಂಡೆ ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಿಯಾಜಭಾಯಿಯನ್ನು ಕರೆಸಿದೆ. ಮೊದಲು ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವರು. ಯಾವ ಯಂತ್ರವನ್ನಾದರೂ ಮೊದಲು ಮೂಸಿ ನೋಡುವ ರೂಢಿ ಇನ್ನೂ ಇದೆ. ಅರ್ಧ ತಾಸು ನೋಡಿ, ‘ಅಣ್ಣಾರ, ಈ ಗೀಟು ಹಾಕಿದವರಿಗೂ ಕಳಿಸಿದ್ರೇನು?’ ಎಂದರು.

‘ಹೌದು. ಮುನಿಸು ಯಾಕ ಅಂತ.’

‘ಮುನಿಸು ಅಲ್ಲರಿ ಅದು. ಬಂದ್ ಆದ ವಿಳಾಸಕ್ಕ, ಮೇಲ್ ಬ್ಯಾಡ ಅಂದವರಿಗೆ ಅಕ್ಕಾರು ಗೀಟು ಹಾಕಿದ್ರು. ನಾನ ಹೇಳಿಕೊಟ್ಟಿದ್ದೆ. ಪಟ್ಟಿ ಸ್ವಚ್ಛ ಇಟ್ಟರ ವಿಳಾಸದ ಮರ್ಯಾದಿ ಉಳೀತೈತಿ ಅಂತ. ನೀವು ಒಂದ ದಿನದಾಗ ಮೂರು ಸಲ ಬಾಗಲಾ ಬಡದೀರಿ. ಮಂದಿ ಇದು ಕಸದ ಮೇಲ್, ಸ್ಪ್ಯಾಮ್ ಅಂತ ಗುಂಡಿ ಒತ್ಯಾರ. ಈಗ ಕಾರ್ಖಾನಿ ಕಂಪ್ಯೂಟರು ನಿಮ್ಮ ಮೇಲ್ ಬಂತಂದ್ರ ಗೇಟಿನ್ಯಾಗ ತಡದು ಹೊರಗ ದಬ್ಬತೈತಿ.’

ಮೇಲ್ ಕಳಿಸುವವರ ಮರ್ಯಾದೆಯನ್ನು ಅಳೆದು ತೋರಿಸುವ ಪುಟವೊಂದನ್ನು ಅವರು ತೆರೆದರು. ಕೆಟ್ಟದ್ದು, ಕಡಿಮೆ, ಮಧ್ಯಮ, ಉತ್ತಮ ಎಂದು ನಾಲ್ಕು ದರ್ಜೆ. ನಮ್ಮಕ್ಕ ಕೆಂಪು ಬಣ್ಣದ ಕೆಟ್ಟದ್ದರಲ್ಲಿದ್ದಳು. ನಮ್ಮ ಕಡೆ ಮನೆತನದ ವಿಚಾರಣೆ ಮಾಡಬೇಕಾದರೆ ಓಣಿಯ ಕಿರಾಣಿ ಅಂಗಡಿಯವನನ್ನು ಕೇಳುತ್ತಾರೆ. ಅವನು ನಿಮ್ಮ ಬಗ್ಗೆ ಸುಳ್ಳು ಹೇಳಿದರೂ ಎದುರಿಗೆ ನಿಂತು ಜಗಳ ತೆಗೆಯಬಹುದು. ಈ ಪುಟದೊಡನೆ ಯಾರು ಜಗಳ ತೆಗೆಯಬೇಕು? ಅರವತ್ತೆರಡು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬಾಳಿದವಳ ಹೆಸರನ್ನು ಅವಳು ತೀರಿಕೊಂಡ ವಾರವೇ ಕೆಂಪು ಬಣ್ಣಕ್ಕೆ ಇಳಿಸಿದ ಕೀರ್ತಿ ಅವಳ ಸ್ವಂತ ತಮ್ಮನದು. ‘ಹೊಸಾ ವಿಳಾಸ ಮಾಡಿ ಕಾರ್ಖಾನ್ಯಾಗ ರಜಿಸ್ಟರ್ ಮಾಡಸೂಣೇನ್ರಿ?’ ಎಂದು ರಿಯಾಜಭಾಯಿ ಕೇಳಿದರು. ಅದಕ್ಕೆ ದಸರಾ ದಾಟುತ್ತಿತ್ತು. ದಾಟದಿದ್ದರೂ ನಾನು ಒಪ್ಪುತ್ತಿರಲಿಲ್ಲ.

ದುರಸ್ತಿಯ ದಾರಿ ಸರಳವಾಗಿತ್ತು. ಗೀಟಿನವರನ್ನು ಬಿಡಬೇಕು. ದಿನಕ್ಕೆ ನಾಲ್ಕೈದೇ ಮೇಲ್, ಅದೂ ತೆರೆದು ಓದಿ ಉತ್ತರ ಬರೆಯುವವರಿಗೆ ಮಾತ್ರ. ಸ್ಪ್ಯಾಮಿಗೆ ಬಿದ್ದದ್ದನ್ನು ಅವರು ‘ಇದು ಸ್ಪ್ಯಾಮ್ ಅಲ್ಲ’ ಎಂದು ಹೊರಗೆ ತೆಗೆಯಬೇಕು. ಇದಕ್ಕೆ ಬಂಧುಗಳಿಗಿಂತ ಯಾರು ಬೇಕು ಎಂದು ಧಾರವಾಡದ ಸಪ್ತಾಪುರದಲ್ಲಿರುವ ಗುರುಸಿದ್ದಪ್ಪ ಕಾಕಾನ ಮನೆಗೆ ಹೋದೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಕ್ಕನನ್ನು ಮಣ್ಣು ಮಾಡಿದ ದಿನ ಎಲ್ಲರಿಗಿಂತ ಗಟ್ಟಿಯಾಗಿ ಅತ್ತಿದ್ದವರು ಅವರೇ. ಅವರ ಫೋನು ತೆರೆದು ನೋಡಿದರೆ ಅಕ್ಕನ ಸಾವಿನ ಸುದ್ದಿ ಮೂರೂ ಪ್ರತಿ ಸ್ಪ್ಯಾಮಿನಲ್ಲಿ, ಸೊಂಟ ಸಣ್ಣ ಮಾಡುವ ಪುಡಿಯ ಜಾಹೀರಾತಿನ ಪಕ್ಕ, ಮಲಗಿದ್ದವು.

‘ನಾ ಒತ್ತಿಲ್ಲಪಾ. ಕೈ ತಾಗಿರಬೇಕು’ ಎಂದರು ಕಾಕಾ.

‘ಮೂರೂ ಸಲಾನ?’

‘ವಯಸ್ಸಾತು ನೋಡು, ಕೈ ನಡಗತಾವ’ ಎಂದು, ಸ್ವಲ್ಪವೂ ನಡುಗದ ಕೈಯಿಂದ ನನಗೆ ತುಂಬಿದ ಚಹಾದ ಬಟ್ಟಲು ಕೊಟ್ಟರು. ಅವರ ಹೆಂಡತಿ ಕಾಕು ಒಳಗಿನಿಂದಲೇ, ‘ಏನ ನಡಗತಾವ, ನಿನ್ನೆ ಸೂಜ್ಯಾಗ ದಾರಾ ಪೋಣಿಸಿ ಕೊಟ್ಟಾರ’ ಎಂದರು. ಕಾಕಾ ಪಾಪ, ಮೂರನ್ನೂ ಹೊರಗೆ ತೆಗೆದು, ಒಂದಕ್ಕೆ ‘ಓದಿದೆ. ವ್ಯಸನವಾಯಿತು’ ಎಂದು ನನ್ನೆದುರೇ ಉತ್ತರ ಬರೆದರು. ಹೀಗೆ ಹುಬ್ಬಳ್ಳಿ ಧಾರವಾಡದ ನಡುವೆ ಓಡಾಡಿ, ತಿಂಗಳ ಹಿಂದೆ ಮಾಡಬೇಕಾಗಿದ್ದ ದುಃಖವನ್ನು ಮನೆಮನೆಯಿಂದ ಬಾಕಿ ವಸೂಲಿ ಮಾಡಿದೆ. ರಿಯಾಜಭಾಯಿ ದಿನಾ ಬೆಳಿಗ್ಗೆ ಪುಟ ನೋಡಿ ಫೋನ್ ಮಾಡುತ್ತಿದ್ದರು. ಆಸ್ಪತ್ರೆಯ ಹೊರಗೆ ನಿಂತವರ ಧ್ವನಿಯಲ್ಲಿ, ‘ಅಣ್ಣಾರ, ಇವತ್ತ ಕಡಿಮಿಗೆ ಬಂದಾರ. ಹೋದ ವಾರಕ್ಕಿಂತ ಛಲೋ ಅದಾರ’ ಎನ್ನುತ್ತಿದ್ದರು. ಅಕ್ಕನ ಬಗ್ಗೆ ಯಾರೋ ಛಲೋ ಅದಾರ ಅನ್ನುವುದನ್ನು ಕೇಳಲು ನಾನು ಬೇಗ ಎದ್ದು ಕಾಯತೊಡಗಿದ್ದೆ.

ಉತ್ತರ ಬಂದಷ್ಟೂ ಮರ್ಯಾದೆ ಏರುತ್ತದೆ ಎಂಬುದೊಂದೇ ಸೂತ್ರ. ಅಕ್ಕನಿಗೆ ಅಷ್ಟೊಂದು ಉತ್ತರ ಹೇಗೆ ಬರುತ್ತಿತ್ತೆಂದು ಅವಳು ಕಳಿಸಿದ ಹಳೆಯ ಮೇಲ್‌ಗಳನ್ನು ತೆರೆದೆ. ಪ್ರತಿ ದರಪಟ್ಟಿಯ ಕೆಳಗೂ ಒಂದು ಪ್ರಶ್ನೆಯಿತ್ತು. ಮಗಳ ಪರೀಕ್ಷೆ ಹೇಗಾಯಿತು, ಬಾವಿಗೆ ನೀರು ಬಂತೇ, ನಿಮ್ಮ ತಾಯಿಯವರ ಮೊಣಕಾಲು ಈಗ ಹೇಗಿದೆ. ಆಹಾ, ಇಷ್ಟೇನೇ ಗುಟ್ಟು ಎಂದುಕೊಂಡೆ. ಬೀಗದ ಕೈ ಸಿಕ್ಕ ಕಳ್ಳನ ಉತ್ಸಾಹದಿಂದ ಮೊಣಕಾಲಿನ ಸಾಲನ್ನು ನಕಲು ಮಾಡಿ, ಆ ವಾರ ಮೇಲ್ ಕಳಿಸಿದ ಎಲ್ಲರಿಗೂ ಅಂಟಿಸಿದೆ. ನಮ್ಮ ಕಡೆ ಒಂದು ವಯಸ್ಸಿನ ತಾಯಂದಿರಿಗೆಲ್ಲ ಮೊಣಕಾಲು ನೋವು ಇದ್ದೇ ಇರುತ್ತದೆ ಎಂಬುದು ನನ್ನ ಲೆಕ್ಕಾಚಾರ. ದಸರಾಕ್ಕೆ ಐದು ದಿನ ಇರುವಾಗ ಪುಟ ಮಧ್ಯಮ ಎಂದಿತು. ಅಂದೇ ಪಾಟೀಲರಿಗೂ ದರಪಟ್ಟಿ ಮತ್ತೆ ಕಳಿಸಿದೆ, ಮೊಣಕಾಲಿನ ಸಮೇತ.

ಮಧ್ಯಾಹ್ನ ಉತ್ತರ ಬಂತು. ‘ದರಪಟ್ಟಿ ತಲುಪಿದೆ. ಆರ್ಡರು ಕಳಿಸುತ್ತೇವೆ. ನಮ್ಮ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಆಗ ನಿಮ್ಮ ಅಕ್ಕನವರು ಬರೆದ ಪತ್ರವನ್ನು ನಾನು ಇನ್ನೂ ಅಳಿಸಿಲ್ಲ.’

ನಾನು ಅದನ್ನು ನಾಲ್ಕು ಸಲ ಓದಿದೆ. ಹಿಂದೆ ನಿಂತಿದ್ದ ರಿಯಾಜಭಾಯಿಯೂ ಓದಿದರು. ‘ಏನರ ಆಗಲಿ ಅಣ್ಣಾರ, ಉತ್ತರ ಬಂತಲ್ಲ. ಮರ್ಯಾದಿ ಏರತೈತಿ’ ಎಂದರು. ಅವರು ಹೇಳಿದ್ದು ನಿಜ. ಉತ್ತರದಲ್ಲಿ ಹೊಗಳಿದ್ದಾರೋ ಮುಖಕ್ಕೆ ಹೊಡೆದಿದ್ದಾರೋ ಆ ಪುಟ ನೋಡುವುದಿಲ್ಲ, ಬಂದದ್ದನ್ನಷ್ಟೇ ಎಣಿಸುತ್ತದೆ. ತೀರಿಕೊಂಡ ಒಬ್ಬ ತಾಯಿಯ ಮೊಣಕಾಲು ಹಿಡಿದು ನಾನು ಇನ್ನಷ್ಟು ಮೇಲೆ ಹತ್ತಿದೆ.

ಆರ್ಡರು ಬಂತು, ಶೆಡ್ಡಿನಲ್ಲಿ ಮೂವರೂ ಕೆಲಸದಲ್ಲಿದ್ದಾರೆ. ದೀಪಾವಳಿಯ ಹೊತ್ತಿಗೆ ಅಕ್ಕನ ವಿಳಾಸ ಉತ್ತಮಕ್ಕೆ ಏರಿತು, ಈಗಲೂ ಅಲ್ಲೇ ಇದೆ. ಯಾರ ಮನೆಯ ಮೊಣಕಾಲನ್ನೂ ನಾನು ಈಗ ವಿಚಾರಿಸುವುದಿಲ್ಲ. ನನಗೆ ಗೊತ್ತಿರುವಂತೆ ಬರೆಯುತ್ತೇನೆ. ‘ಮಾಲು ಸಿದ್ಧವಿದೆ. ಒಯ್ಯತಕ್ಕದ್ದು.’ ಅದು ನೇರವಾಗಿ ಎಲ್ಲರಿಗೂ ಮುಟ್ಟುತ್ತದೆ. ಯಾವ ಗೇಟಿನಲ್ಲೂ ತಡೆಯುವುದಿಲ್ಲ. ಸಂಜೆ ಒಂದೇ ಪೊಟ್ಟಣ ಗಿರಮಿಟ್ಟು ಬರುತ್ತದೆ, ಉಳ್ಳಾಗಡ್ಡಿಯೆಲ್ಲ ನನಗೇ. ನಾನು ಬರೆದದ್ದು ನೋಟೀಸಿನ ಹಾಗಿದೆ ಎಂದು ಹೇಳಿ ಅಳಿಸುವವರು ಇಲ್ಲ.