ನಮ್ಮ ಮಾವನ ಬೋಣಿ

ಯುದ್ಧದ ಕಾಲದಲ್ಲಿ ಸೊರಗಿಹೋಗಿದ್ದ ಮುಂಬಯಿಯನ್ನು ಎತ್ತಿ ನಿಲ್ಲಿಸಿದವರು ಯಾರು? ಸರ್ಕಾರ ಎನ್ನುತ್ತೀರಿ. ಬಟ್ಟೆ ಗಿರಣಿಗಳು ಎನ್ನುತ್ತೀರಿ. ಎಲ್ಲ ಸುಳ್ಳು! ನಮ್ಮ ಸೋದರಮಾವ. ಅದೂ ಒಬ್ಬರೇ, ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದುಕೊಂಡು. ಇಡೀ ಮುಂಬಯಿ ಎಂದರೆ ಜಾಸ್ತಿಯಾಯಿತು ಅನ್ನುತ್ತೀರಾ? ಸರಿ, ಸಯನ್ ಎನ್ನೋಣ. ಅದೂ ಹೆಚ್ಚಾಯಿತೇ? ಹೋಗಲಿ, ನಮ್ಮ ಬೀದಿ. ಅದಕ್ಕಿಂತ ಕೆಳಗೆ ನಾನು ಇಳಿಯುವವಳಲ್ಲ.

ಆಗ ರೇಷನ್ ಕಾರ್ಡಿನ ಕಾಲ ಮುಗಿಯುತ್ತ ಬಂದಿತ್ತು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಸಿಂಧಿನಲ್ಲಿ ಮನೆ ಮಠ ಕಳೆದುಕೊಂಡು ಬಂದವರು ಎರಡು ಪೆಟ್ಟಿಗೆಯ ಮೇಲೆ ಒಂದು ಹಲಗೆ ಹಾಕಿ ಬಟ್ಟೆ ಹರಡುತ್ತಿದ್ದರು. ಉಡುಪಿ ಕಡೆಯವರು ಒಂದು ಒಲೆ, ನಾಲ್ಕು ಮೇಜು ಹೊಂದಿಸಿಕೊಂಡರೆ ಹೋಟೆಲಾಯಿತು. ಬೀದಿಯ ತುಂಬ ಹೊಸ ಅಂಗಡಿಗಳು. ಎಲ್ಲರ ಹೊಟ್ಟೆಯಲ್ಲೂ ಒಂದೇ ಭಯ, ಇವತ್ತು ಗಿರಾಕಿ ಬರುತ್ತಾನೋ ಇಲ್ಲವೋ ಎಂದು.

ನಮ್ಮ ಮಾವ ಫೋರ್ಟಿನ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕು. ಮೂರನೇ ಮಹಡಿಯ ಎರಡು ಕೋಣೆಯಲ್ಲಿ ನಾವು ಮೂವರು: ಮಾವ, ಅಮ್ಮ, ನಾನು. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕಟ್ಟಿಕೊಂಡು ಮೈಸೂರಿನಿಂದ ಅಣ್ಣನ ಮನೆಗೆ ಬಂದಳು. ಮಾವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಹೆಣ್ಣು ನೋಡೋಕೆ ಹೊರಟಿದ್ದೆ, ದಾರೀಲಿ ಒಂದು ಹೊಸ ಅಂಗಡಿ ಸಿಕ್ಕಿಬಿಡ್ತು" ಎನ್ನುತ್ತಿದ್ದರು. ನಾನು ತುಂಬ ದಿನ ಅದನ್ನು ನಿಜವೆಂದೇ ನಂಬಿದ್ದೆ. ಅವರನ್ನು ಬಲ್ಲವರು ಯಾರಾದರೂ ನಂಬುತ್ತಾರೆ.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಮೊದಲ ಗಿರಾಕಿಯ ಕೈಗುಣ ಚೆನ್ನಾಗಿದ್ದರೆ ಇಡೀ ದಿನ ಚೆನ್ನ. ಇಲ್ಲದಿದ್ದರೆ ನೊಣ ಹೊಡೆಯುತ್ತ ಕೂತಿರಬೇಕು. ನಮ್ಮ ಮಾವನಿಗೆ ಈ ಕೈಗುಣದ ಕೀರ್ತಿ ಬಂದದ್ದು ಸಿಂಧಿ ಸೇಠರಿಂದ. ಹಲಗೆ ಅಂಗಡಿಯ ಆ ಸೇಠರು ಹದಿನೈದು ದಿನದಿಂದ ಮುಖ ಬಾಡಿಸಿಕೊಂಡು ಕೂತಿದ್ದನ್ನು ಕಂಡು ಮಾವ ಒಂದು ಕರ್ಚೀಫು ಕೊಂಡರು. ಅರ್ಧ ಗಂಟೆಯಲ್ಲಿ ಯಾವುದೋ ಮದುವೆಯ ದಿಬ್ಬಣದವರು ಬಂದು ಹಲಗೆಯ ಮೇಲಿದ್ದುದನ್ನೆಲ್ಲ ಬಾಚಿಕೊಂಡು ಹೋದರು. ಮುಗಿಯಿತು! ಮರುದಿನ ಮಾವ ಬಿಲ್ಡಿಂಗಿನ ಮೆಟ್ಟಿಲಿಳಿಯುವಷ್ಟರಲ್ಲಿ, "ಅರೇ ಸಾಬ್, ಬೋಹನಿ ಆಪ್ ಹೀ ಕರೋ!" ಎಂದು ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು.

ಬೇರೆ ಯಾರಾದರೂ ಆಗಿದ್ದರೆ ತಪ್ಪಿಸಿಕೊಂಡು ಹಿಂದಿನ ಗಲ್ಲಿಯಿಂದ ಸ್ಟೇಷನ್ನಿಗೆ ಓಡುತ್ತಿದ್ದರು. ನಮ್ಮ ಮಾವ ಅಂದಿನಿಂದ ಒಂದು ಗಂಟೆ ಮುಂಚೆ ಮನೆ ಬಿಡತೊಡಗಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಅಂಗಡಿಯನ್ನೂ ಬಿಡದೆ ಬೋಣಿ. ಮನೆಯ ಸ್ಥಿತಿ ಏನಾಯಿತು ಕೇಳುತ್ತೀರಾ? ಕಾಲಿಗೆ ಚಪ್ಪಲಿ ಹಾಕುವ ಮನುಷ್ಯ, ಮನೆ ತುಂಬ ಬೂಟಿನ ಲಾಡಿ. ಬಾಗಿಲು ಒಂದು, ಬೀಗ ಏಳು. ಎಲ್ಲಕ್ಕಿಂತ ಹೆಚ್ಚಾಗಿ ಬಾಚಣಿಗೆ! ನಮ್ಮ ಮಾವನ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿರಲಿಲ್ಲ.

"ಏನಣ್ಣಾ ಇದು? ಬಾಚೋಕೆ ಏನಿದೆ ಅಂತ ಇನ್ನೂ ಒಂದು ತಂದೆ?" ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು.

"ಬಾಚಣಿಗೆ ಮಾರೋನಿಗೆ ನನ್ನ ತಲೆ ಕಟ್ಟಿಕೊಂಡು ಏನಾಗಬೇಕು ಪುಟ್ಟಿ? ಅವನಿಗೆ ನನ್ನ ಕೈ ಬೇಕು" ಎನ್ನುತ್ತಿದ್ದರು ಮಾವ.

ಕೊಡೆ ರಿಪೇರಿಯ ಕಾಕಾ ಒಬ್ಬರಿದ್ದರು, ರತ್ನಾಗಿರಿಯವರು. ಮಳೆಗಾಲದಲ್ಲಿ ಅವರಿಗೆ ಉಸಿರಾಡಲು ಬಿಡುವಿಲ್ಲ. ಬೇಸಗೆಯಲ್ಲಿ ಯಾರು ಕೊಡೆ ತರುತ್ತಾರೆ? ನಮ್ಮ ಮಾವ ತರುತ್ತಾರೆ! ಮೇ ತಿಂಗಳ ಸುಡುಬಿಸಿಲಲ್ಲಿ, ಮನೆ ಬಿಡುವ ಮುನ್ನ, ಅತ್ತ ಇತ್ತ ನೋಡಿ ಕೊಡೆಯ ಒಂದು ಕಡ್ಡಿಯನ್ನು ಲಟಕ್ಕನೆ ಮುರಿಯುವರು. ಕಾಕಾ ಹೊಸ ಕಡ್ಡಿ ಹಾಕಿ ಕೊಡುವರು. ಮರುದಿನ ಇನ್ನೊಂದು ಕಡ್ಡಿ. ಹೀಗೆ ಆ ಕೊಡೆಗೆ ಎಷ್ಟು ಜನ್ಮವಾಯಿತೋ ದೇವರಿಗೇ ಗೊತ್ತು. ಕಾಕಾಗೆ ಇದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. "ನಿಮ್ಮ ಕೊಡೆ ಬಹಳ ನಾಜೂಕು" ಎಂದು ಮಾತ್ರ ಹೇಳುತ್ತಿದ್ದರು.

ಮತ್ತೆ ಉಡುಪಿ ಕಡೆಯ ಭಟ್ಟರ ಹೋಟೆಲು. ಸ್ಟೇಷನ್ನಿಗೆ ತಿರುಗುವ ಮೂಲೆಯಲ್ಲಿ ನಾಲ್ಕು ಮೇಜು ಹಾಕಿ ಕೂತರು. ಎದುರಿಗಿದ್ದ ಹಳೇ ಹೋಟೆಲು ಗಿಜಿಗುಡುತ್ತಿತ್ತು, ಇಲ್ಲಿ ಒಂದು ನರಪಿಳ್ಳೆಯಿಲ್ಲ. ಮಾವ ತುಂಬ ಯೋಚಿಸಿ, "ಜನ ಇರೋ ಕಡೆಗೇ ಜನ ಹೋಗೋದು. ಮೊದಲು ನಾವು ಜನ ಆಗಬೇಕು" ಎಂದರು. ಒಂದು ಭಾನುವಾರ ಸಂಜೆ ನಮ್ಮ ಬಿಲ್ಡಿಂಗಿನಿಂದ ಹದಿನಾರು ಮಂದಿಯನ್ನು ಹೊರಡಿಸಿದರು. ಅಮ್ಮ ಹೋಟೆಲಿನಲ್ಲಿ ತಿನ್ನುವವಳಲ್ಲ, ಅವಳೊಬ್ಬಳು ಬಚಾವಾದಳು. ನಮಗೆಲ್ಲ ದಾರಿಯುದ್ದಕ್ಕೂ ಪಾಠ: ಜೋರಾಗಿ ಮಾತಾಡಬೇಕು, ದೋಸೆ ಬಾಯಿಗಿಟ್ಟ ಕೂಡಲೇ "ಆಹಾ" ಎನ್ನಬೇಕು, ಕಾಫಿ ಬೇಗ ಕುಡಿದು ಏಳಬಾರದು.

ನಾವು ನಾಲ್ಕೂ ಮೇಜು ತುಂಬಿದೆವು. ಎಷ್ಟು ಚೆನ್ನಾಗಿ "ಆಹಾ" ಅಂದೆವೆಂದರೆ, ಲೋಕಲ್ ಇಳಿದು ಬಂದ ಜನ ನಿಂತು ನೋಡತೊಡಗಿದರು. ಒಂದು ದೊಡ್ಡ ಸಂಸಾರವೇ ಬಾಗಿಲಿಗೆ ಬಂತು. ಒಳಗೆ ಇಣುಕಿತು. "ಜಾಗಾ ನಾಹೀ" ಎಂದು ಎದುರಿನ ಹೋಟೆಲಿಗೆ ಹೋಯಿತು! ಅದರ ಹಿಂದೆ ಇನ್ನೊಂದು ಗುಂಪು. ಆಮೇಲೆ ಇನ್ನೊಂದು. ಭಟ್ಟರು ಕೈ ಮುಗಿದುಕೊಂಡು ಓಡಿ ಬಂದರು.

"ನಿಮ್ಮ ಕಾಲಿಗೆ ಬೀಳ್ತೇನೆ ಮಾರಾಯ್ರೆ, ಒಮ್ಮೆ ಎದ್ದು ಹೋಗಿ! ಗಿರಾಕಿಗಳು ಬರ್ತಾ ಇದ್ದಾರೆ!"

"ನಾನು ಹೇಳಲಿಲ್ವೇ, ಬರ್ತಾರೆ ಅಂತ?" ಎಂದರು ಮಾವ, ಕೂತಲ್ಲಿಂದಲೇ.

ಆದರೂ ಹೇಳಬೇಕು, ಆ ಹೋಟೆಲು ನಿಂತಿತು. ಸೇಠರ ಹಲಗೆಗೆ ಗೋಡೆ ಬಂತು, ಮಾಡು ಬಂತು. ಕಾಕಾ ಕೂರುವ ಜಾಗಕ್ಕೆ ಒಂದು ತಗಡಿನ ಚಪ್ಪರ ಬಂತು. ಆರೇಳು ವರ್ಷದಲ್ಲಿ ನಮ್ಮ ಬೀದಿಯ ಒಂದು ಅಂಗಡಿಯೂ ಬಾಗಿಲು ಹಾಕಲಿಲ್ಲ. ಇದೆಲ್ಲ ಕೈಗುಣವೋ, ಬಾಚಣಿಗೆಯ ಗುಣವೋ, ನಾನು ವಾದಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲ ಬೋಣಿ ಮಾಡಿದವರ ಮನೆಯಲ್ಲೇ ಇನ್ನೊಬ್ಬಳಿದ್ದಳು, ಬೆಳಿಗ್ಗೆ ಹತ್ತು ಗಂಟೆಯವರೆಗೆ ಬೀದಿಗೇ ಇಳಿಯದವಳು. ಅಮ್ಮ. ಗಂಡ ಸತ್ತವಳು ಬೋಣಿಗೆ ಬರಬಾರದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊತ್ತಂಬರಿ ಸೊಪ್ಪು ಬೇಕಿದ್ದರೂ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರ ನಿಂತು ಮೊದಲು ಕೇಳುವಳು: "ಬೋಹನಿ ಹೋ ಗಯಾ?" ಆಗಿದೆ ಎಂದ ಮೇಲೆಯೇ ಚೀಲ ಬಿಚ್ಚುವುದು. ಅವಳಿಗೆ ಬಂದಿದ್ದ ಹಿಂದಿ ಅಷ್ಟೇ. ಹಾಗೆ ಕೇಳುವಾಗ ಪಕ್ಕದಲ್ಲಿ ನಿಂತ ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅವಳು ಮಾತ್ರ ಸೊಪ್ಪು ತಾಜಾ ಇದೆಯೇ ಎಂದು ನೋಡುತ್ತಿದ್ದಳು.

ನಾನು ಮೆಟ್ರಿಕ್ ಓದುತ್ತಿದ್ದಾಗ ಮಾವ ರಿಟೈರಾದರು. ಆಫೀಸಿನವರು ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಗೆ ಬಂದವರೇ, "ಪುಟ್ಟಿ, ನಾನೂ ಅಂಗಡಿ ಇಡ್ತೀನಿ" ಎಂದರು.

"ಅಣ್ಣಾ, ನಿನಗೆ ಕೊಳ್ಳೋದು ಬರತ್ತೆ. ಮಾರೋಕೆ ಬರತ್ತಾ?"

"ನಿನಗೆ ಕಾಫಿ ಬೀಜ ಹುರಿಯೋಕೆ ಬರತ್ತಲ್ಲ, ಸಾಕು."

ಅದು ನಿಜ. ಅಮ್ಮ ಬಾಣಲೆಯಲ್ಲಿ ಬೀಜ ಹುರಿದರೆ ಇಡೀ ಬಿಲ್ಡಿಂಗು ಮೂಗರಳಿಸುತ್ತಿತ್ತು. ಮಾವ ಪ್ರಾವಿಡೆಂಟ್ ಫಂಡನ್ನು ಪೂರ್ತಿ ಸುರಿದು, ಮೆಟ್ಟಿಲ ಕೆಳಗಿನ ಗೂಡು ಹಿಡಿದು, ಕೈಯಲ್ಲಿ ತಿರುಗಿಸುವ ಒಂದು ದೊಡ್ಡ ಮಿಷಿನ್ನು ತಂದರು. ಹುರಿಯುವುದು ಅಮ್ಮ, ಪುಡಿ ಮಾಡಿ ಮಾರುವುದು ಮಾವ. ಇದು ನಡೆಯದಿದ್ದರೆ ನಮಗೆ ಬೇರೆ ಗತಿಯಿರಲಿಲ್ಲ. ಅಮ್ಮ ಮೂರು ದಿನ ಒಲೆ ಬಿಟ್ಟು ಏಳದೆ ಬೀಜ ಹುರಿದು ಡಬ್ಬ ತುಂಬಿದಳು.

ಅಂಗಡಿ ತೆರೆದ ದಿನ ಬೆಳಿಗ್ಗೆ ಏಳಕ್ಕೇ ಮಾವ ಜರಿ ಪೇಟ ಸುತ್ತಿ ಕೂತರು. ಬೀದಿಗೆ ಬೀದಿಯೇ ಬಂತು. ಇಷ್ಟು ವರ್ಷದ ಬೋಣಿಯ ಋಣ ತೀರಿಸಬೇಡವೇ? ಭಟ್ಟರು ಹೋಟೆಲಿಗೆಂದು ಐದು ಪೌಂಡು ಕೇಳಿದರು. ಅಬ್ಬಾ, ಮೊದಲ ವ್ಯಾಪಾರವೇ ಐದು ಪೌಂಡು!

"ಮಿಷಿನ್ನು ಇನ್ನೂ ಹದಕ್ಕೆ ಬಂದಿಲ್ಲ. ಆಮೇಲೆ ಬನ್ನಿ" ಎಂದರು ಮಾವ.

ಸೇಠರು ಮುಂದೆ ಬಂದರು. "ನೀವು ಚಹಾ ಕುಡಿಯೋರು, ನಿಮಗ್ಯಾಕೆ ಕಾಫಿ ಪುಡಿ?" ಎಂದು ಹಿಂದಿಯಲ್ಲಿ ಹೇಳಿ ಅವರನ್ನೂ ಅಟ್ಟಿದರು. ಕಾಕಾಗೆ, "ನಿಮಗೆ ಪಿತ್ತ ಜಾಸ್ತಿ, ಕಾಫಿ ಆಗಬಾರದು" ಎಂದರು. ಇವರೇನು ವೈದ್ಯರೋ, ವ್ಯಾಪಾರಿಯೋ! ಭಟ್ಟರಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ರೆ, ಇದು ಗಿರಾಕಿಗಳನ್ನು ಓಡಿಸುವ ಅಂಗಡಿಯಾ?" ಎಂದು ಕೂಗಿದರು. ಮೊದಲ ದಿನ ಮಧ್ಯಾಹ್ನದೊಳಗೆ ಬೋಣಿಯಾಗದ ಅಂಗಡಿ ಉಳಿಯುವುದಿಲ್ಲ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಕಾಕಾ ಗಡಿಯಾರ ನೋಡುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

ಮಾವ ನನ್ನನ್ನು ಕರೆದು, "ನನ್ನ ಕನ್ನಡಕ ತಗೊಂಡು ಬರೋಕೆ ಅಮ್ಮನಿಗೆ ಹೇಳು" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು! ಆದರೂ ಮೂರು ಮಹಡಿ ಹತ್ತಿದೆ. ಅಮ್ಮ, "ಬೋಣಿ ಆಯ್ತಾ?" ಎಂದಳು. ಇಲ್ಲ ಎಂದೆ. "ಹಾಗಾದ್ರೆ ನಾನು ಈಗ ಬರಲ್ಲ. ಹಳೇ ಕನ್ನಡಕ ಇದೆ, ನೀನೇ ಕೊಡು." ಕೆಳಗೆ ತಂದು ಕೊಟ್ಟರೆ ಮಾವನ ಮುಖ ಸಣ್ಣಗಾಯಿತು. "ತಿಂಡಿ ತರೋಕೆ ಹೇಳು. ಅವಳೇ ತರಬೇಕು." ಮತ್ತೆ ಹತ್ತಿದೆ. "ಬೋಣಿ ಆಯ್ತಾ?" "ಇಲ್ಲ." "ನೀನೇ ತಗೊಂಡು ಹೋಗು." ಉಪ್ಪಿಟ್ಟಿನ ಡಬ್ಬಿ ಹಿಡಿದು ಇಳಿಯುವಾಗ, ಎರಡನೇ ಮಹಡಿಯ ತಿರುವಿನಲ್ಲಿ, ನನ್ನ ಮಂದ ಬುದ್ಧಿಗೆ ಹೊಳೆಯಿತು. ಇವರು ಅವಳು ಬಂದ ಹೊರತು ಬೋಣಿ ಮಾಡಿಸಿಕೊಳ್ಳುವುದಿಲ್ಲ. ಅವಳು ಬೋಣಿಯಾದ ಹೊರತು ಇಳಿಯುವುದಿಲ್ಲ. ಹೀಗೇ ಬಿಟ್ಟರೆ ಇಬ್ಬರೂ ಸೇರಿ ಅಂಗಡಿಯನ್ನು ಮುಳುಗಿಸುತ್ತಾರೆ.

ಹನ್ನೊಂದೂವರೆಯಾಗಿತ್ತು. ನಾನು ತಿರುಗಿ ಮೇಲೆ ಓಡಿದೆ. "ಆಯ್ತಮ್ಮ, ಬೋಣಿ ಆಯ್ತು! ಐದು ಪೌಂಡು! ಮಾವ ಕರೀತಿದ್ದಾರೆ, ಬಾ!" ನಾನು ಅಮ್ಮನಿಗೆ ಹೇಳಿದ ಮೊದಲ ಸುಳ್ಳಲ್ಲ ಅದು, ಆದರೆ ಇವತ್ತಿಗೂ ಹೆಮ್ಮೆ ಪಡುವಂಥದ್ದು ಅದೊಂದೇ.

ಅಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. ಬೀದಿಯವರೆಲ್ಲ ದಾರಿ ಬಿಟ್ಟರು. ಮಾವ ಎದ್ದು ನಿಂತು, "ಬಾ ಪುಟ್ಟಿ, ಏನು ಕೊಡಲಿ?" ಎಂದರು.

ಅಮ್ಮ ತುಂಬಿದ ಡಬ್ಬಗಳನ್ನು ನೋಡಿದಳು, ಒಂದಿಷ್ಟೂ ಪುಡಿ ಬೀಳದ ಮಿಷಿನ್ನನ್ನು ನೋಡಿದಳು, ನನ್ನನ್ನು ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಅಣ್ಣ. ನನ್ನ ಕೈಯಿಂದ ಬೇಡ. ನಿನ್ನ ದುಡ್ಡೆಲ್ಲ ಇದರಲ್ಲಿದೆ."

"ದಿನಾ ಬೆಳಿಗ್ಗೆ ನಾನು ಎದ್ದು ಮೊದಲು ನೋಡ್ತಿದ್ದಿದ್ದು ಯಾರ ಮುಖ ಪುಟ್ಟಿ? ಯಾರ ಕೈಯಿಂದ ಕಾಫಿ ಕುಡಿದು ಈ ಬೀದಿಗೆ ಇಳೀತಿದ್ದೆ? ಹೇಳು, ಯಾವ ಅಂಗಡಿ ಮುಚ್ಚಿತು?"

ಸೇಠರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಕಣ್ಣೊರೆಸಿಕೊಂಡರು. ಅಮ್ಮ ಸೆರಗಿನ ತುದಿಯ ಗಂಟನ್ನು ಬಿಚ್ಚಿ ನಾಲ್ಕಾಣೆ ಪಾವಲಿಯೊಂದನ್ನು ಮುಂದೆ ಹಿಡಿದಳು. ಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಿಷಿನ್ನು ತಿರುಗಿತು. ಆ ಪರಿಮಳ ಈಗಲೂ ನನ್ನ ಮೂಗಿನಲ್ಲಿದೆ.

ಮರುದಿನ ಬೆಳಿಗ್ಗೆ ಮಾವ ಆಗಲೇ ಅಂಗಡಿಗೆ ಇಳಿದಿದ್ದರು. ಏಳು ಗಂಟೆಗೆ ಕಾಕಾ ಮೆಟ್ಟಿಲ ಬುಡದಲ್ಲಿ ನಿಂತು, ಕೊಡೆ ತರುವಂತೆ ಅಮ್ಮನನ್ನು ಕೂಗಿದ್ದು ಕೇಳಿಸಿತು: "ತಾಯೀ! ಛತ್ರಿ ಆಣಾ! ಬೋಹನಿ ಬಾಕಿ ಆಹೇ!"

ಅಮ್ಮ ಮೂಲೆಯಲ್ಲಿದ್ದ ಕೊಡೆಯನ್ನು ತೆಗೆದು ಬಿಚ್ಚಿ ನೋಡಿದಳು. ಎಲ್ಲ ಕಡ್ಡಿಯೂ ಗಟ್ಟಿಯಾಗಿತ್ತು. ನಾನು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡೆ. ಅಮ್ಮ ಅತ್ತ ಇತ್ತ ನೋಡಿ, ಒಂದು ಕಡ್ಡಿಯನ್ನು ಲಟಕ್ಕನೆ ಮುರಿದು, ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.