ಅಂಗಳದಲ್ಲಿ ಬಿತ್ತಿದ ಹೊಲ

ಎಲ್ಲಕ್ಕೂ ಮೂಲ ಆ ಪೆನ್ಸಿಲ್ಲು. ಹೊಸದಾಗಿ ಹೊಲ ಹಿಡಿಯುವವರಿಗೆ ಬೇಸಾಯದ ಪಾಠ ಹೇಳಲು ಆದೋನಿಯಿಂದ ಸೈಕಲ್ಲು ತುಳಿದು ಬರುತ್ತಿದ್ದ ಪ್ರಹ್ಲಾದರಾಯರು, ಪೆದ್ದಹರಿವಾಣದ ಹನ್ನೆರಡು ಮಂದಿಗೂ ಒಂದೊಂದು ಪೆನ್ಸಿಲ್ಲು, ಒಂದೊಂದು ಹಾಳೆ ಹಂಚಿದ್ದರು. "ಮುಂದಿನ ಸೋಮವಾರ ಮನೆಮನೆಗೆ ಬರ್ತೀನಿ. ಯಾವ ಮೂಲೆಗೆ ಏನು ಬಿತ್ತುತ್ತೀರಿ, ಯಾಕೆ ಬಿತ್ತುತ್ತೀರಿ, ಮಳೆ ಕೈಕೊಟ್ಟರೆ ಏನು ಗತಿ, ಎಲ್ಲಾ ನನ್ನ ಕಣ್ಣಿಗೆ ಕಾಣಬೇಕು" ಎಂದು ಹೇಳಿ ಹೋಗಿದ್ದರು.

ಯರ್ರೆಪ್ಪ ಪೆನ್ಸಿಲ್ಲನ್ನು ಕುರಿ ಕಾಯುವ ಕೋಲಿನಂತೆ ಹಿಡಿದು ಒತ್ತಿದ. ಮೊನೆ ಮುರಿಯಿತು. ಕುಡುಗೋಲಿನಿಂದ ಕೆತ್ತಿ ಮತ್ತೆ ಒತ್ತಿದ. ಮತ್ತೆ ಮುರಿಯಿತು. ಭಾನುವಾರ ಸಂಜೆಗೆ ಪೆನ್ಸಿಲ್ಲು ಕಡಲೆಕಾಳಿನಷ್ಟು ಉಳಿದಿತ್ತು. ಹಾಳೆಯ ಮೇಲೆ ಒಂದು ತೂತು ಬಿಟ್ಟರೆ ಬೇರೇನೂ ಇರಲಿಲ್ಲ.

ಇದು ನಗುವ ಮಾತಲ್ಲ. ಯರ್ರೆಪ್ಪ ತನ್ನ ಸೋದರಮಾವ ಭೀಮಲಿಂಗಪ್ಪನ ಮಗಳನ್ನೇ ಮದುವೆಯಾಗಿ ಮನೆಯಳಿಯನಾಗಿ ಬಂದು ಎಂಟು ವರ್ಷವಾಗಿತ್ತು. ಆ ಎಂಟು ವರ್ಷವನ್ನೂ ಮಾವನ ನೂರಿಪ್ಪತ್ತು ಕುರಿಗಳ ಬಾಲ ನೋಡುತ್ತಲೇ ಕಳೆದಿದ್ದ. ಮೇವು ತೀರಿದರೆ ಮಂದೆ ಹೊಡೆದುಕೊಂಡು ನಾಗಲದಿನ್ನೆಯ ಹೊಳೆದಂಡೆಗೆ ಹೋಗಬೇಕು. ತಿಂಗಳುಗಟ್ಟಲೆ ಹೆಂಡತಿಯ ಮುಖವಿಲ್ಲ, ಬಿಸಿ ರೊಟ್ಟಿಯಿಲ್ಲ. ಕನಸಿನಲ್ಲೂ ಅವನಿಗೆ ಕುರಿಗಳೇ ಬರುತ್ತಿದ್ದವು, ಅದೂ ಒಂದು ಕಡಿಮೆಯಾಗಿ.

ಮಾವ ಕೊನೆಗೊಮ್ಮೆ ಮನಸ್ಸು ಮಾಡಿದ್ದ. "ರಾಯರು ನಿನ್ನ ಪ್ಲಾನು ನೋಡಿ ಹೂಂ ಅಂದ್ರ ಹಳ್ಳದ ಮಗ್ಗಲಿನ ಆರೆಕರೆ ನಿಂದು. ಕುರಿಗೆ ಬ್ಯಾರೆ ಆಳು ಇಡ್ತೀನಿ. ಅವರು ಒಲ್ಲೆ ಅಂದ್ರ, ಅಮಾವಾಸಿ ಕಳದ ಕೂಡ್ಲೆ ಕುರಿ ಹೊಡಕೊಂಡು ನಾಗಲದಿನ್ನಿಗೆ ನಡಿ." ಆ ಮಾತು ಕೇಳಿದ ಖುಷಿಗೆ ಯರ್ರೆಪ್ಪ ಕಂಬಳಿ, ಕೋಲು ಎರಡನ್ನೂ ಅಟ್ಟಕ್ಕೆ ಎಸೆದಿದ್ದ.

ಸೋಮವಾರ ಬೆಳಿಗ್ಗೆ ಗಂಡನ ಮುಖ ನೋಡಲಾರದೆ ಲಿಂಗಕ್ಕ ಹೇಳಿದಳು: "ರಾಯರು ಕಣ್ಣಿಗೆ ಕಾಣಬೇಕು ಅಂದಾರ. ಬರೀಲೇಬೇಕು ಅಂದಾರೇನು? ಅಂಗಳ ಸಾರಿಸಿ ಕೊಡ್ತೀನಿ, ಕಾಳಿನಾಗ ತೋರಿಸ್ರಿ."

ಯರ್ರೆಪ್ಪನಿಗೆ ಹೋದ ಜೀವ ಬಂದಂತಾಯಿತು. ಹಸಿ ಸಗಣಿ ಸಾರಿಸಿದ ಅಂಗಳದಲ್ಲಿ ಮಂಡಿಯೂರಿ ಕುಳಿತು ಹೊಲವನ್ನೇ ಇಳಿಸಿಬಿಟ್ಟ. ಮೂಡಲ ಅರ್ಧಕ್ಕೆ ಮನೆಯ ಊಟಕ್ಕೆಂದು ಜೋಳ, ಅದರ ಒಂದು ಮೂಲೆಗೆ ಮಳೆ ಕೈಕೊಟ್ಟರೂ ಬರುವ ನವಣೆ. ಪಡುವಲ ಅರ್ಧಕ್ಕೆ ಆದೋನಿ ಪೇಟೆಗೆಂದು ಹತ್ತಿ. ಸಾಲು ಒಂದಿಷ್ಟೂ ಸೊಟ್ಟವಿಲ್ಲ. ಎದ್ದು ನಿಂತು ನೋಡಿದರೆ ಅವನಿಗೇ ನಂಬಿಕೆ ಬರಲೊಲ್ಲದು. ಅಳು ಬರುವಷ್ಟು ಚೆನ್ನಾಗಿತ್ತು.

ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಟ್ಟರೆ ಅದು ಓಣಿ ಹೇಗಾದೀತು? ಎದುರು ಮನೆಯ ಜಂಬಪ್ಪ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಬಂದ. "ಏಮಯ್ಯಾ, ಜ್ವಾಳ ಮೂಡಲಕ ಯಾರು ಹಾಕ್ತಾರ? ಹಳ್ಳದ ಹಸಿ ಇರಾದು ಪಡುವಲಕ!" ಎನ್ನುತ್ತ ಕಾಲ್ಬೆರಳಿನಿಂದ ನಾಲ್ಕು ಸಾಲು ಆಚೆ ತಳ್ಳಿದ. ಹಿಂದೆಯೇ ಬಂದ ಉರುಕುಂದಪ್ಪ ಅವನ್ನು ಈಚೆ ತಳ್ಳಿ, "ಅಲ್ಲೋ ಜಂಬಪ್ಪಾ, ನೀ ಹ್ವಾದ ವರ್ಷ ಏನು ಬೆಳದಿ, ಹುಲ್ಲು ಬಿಟ್ಟು?" ಎಂದ. ಸರಿ, ಶುರುವಾಯಿತು. ಇಬ್ಬರ ಕಾಲುಗಳ ನಡುವೆ ಯರ್ರೆಪ್ಪ ಅಂಬೆಗಾಲಿಕ್ಕಿ ಜೋಳ ಆರಿಸುತ್ತ, "ಯಣ್ಣಾ, ಕಾಲು ಎತ್ರಿ... ಯಪ್ಪಾ, ನವಣಿ ತುಳದಿ..." ಎಂದು ಬೇಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಉಚ್ಚಮ್ಮ ಮಡಿಲು ತುಂಬ ಹರಳೆಣ್ಣೆಯ ಔಡಲ ಬೀಜ ತಂದಳು. "ಬದುವಿಗೆ ಔಡಲ ಇಲ್ದ ಅದೆಂಥ ಹೊಲ ಅಪ್ಪಾ? ಹಂಗ ಬಿಟ್ರ ಮಂದಿ ನಗ್ತಾರ" ಎನ್ನುತ್ತ ಸುತ್ತಲೂ ಒಂದು ಸಾಲು ಇಟ್ಟಳು. ಅಷ್ಟಕ್ಕೇ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜಗಳವಾಡುವವರ ಕಾಲಿನಿಂದ ಕಾಳು ಉಳಿಸಬೇಕೆಂದು ಅವಳಿಗೆ ಹೊಳೆಯಿತು. "ತಡೀರೋ, ಇದನ್ನ ಮುಚ್ಚಾಕ ದೊಡ್ಡ ಬುಟ್ಟಿ ತರ್ತೀನಿ" ಎಂದು ಓಡಿದಳು. ತಂದಳು ಕೂಡ. ಆ ಬುಟ್ಟಿಯ ಕೆಳಗೆ ಆಕೆ ಕವುಚಿ ಹಾಕಿದ್ದ ಏಳು ಕೋಳಿ, ಒಂದು ಹುಂಜ ಅವಳ ಹಿಂದೆಯೇ ಬಂದವು.

ರಾತ್ರಿಯೆಲ್ಲ ಉಪವಾಸವಿದ್ದ ಕೋಳಿಗಳು. ಯರ್ರೆಪ್ಪ "ಹುಶ್! ಹುಶ್!" ಎಂದು ಮೂಡಲಕ್ಕೆ ಓಡಿದರೆ ಅವು ನವಣೆಗೆ ಹೋದವು, ನವಣೆಗೆ ಓಡಿದರೆ ಜೋಳಕ್ಕೆ ಬಂದವು. ಉಚ್ಚಮ್ಮ ಬುಟ್ಟಿ ಹಿಡಿದು ಒಂದರ ಮೇಲೆ ಕವುಚಿದಳು; ಸಿಕ್ಕಿದ್ದು ಜಂಬಪ್ಪನ ಕಾಲು. ಎಣಿಸಿ ಹತ್ತು ಉಸಿರು ಬಿಡುವಷ್ಟರಲ್ಲಿ ಮೂಡಲ ಅರ್ಧ ಬೋಳಾಯಿತು. ಹತ್ತಿಬೀಜವನ್ನಾಗಲಿ ಔಡಲವನ್ನಾಗಲಿ ಒಂದೂ ಮೂಸಿ ನೋಡಲಿಲ್ಲ.

"ಮನಿಯಾಗ ಇನ್ನೊಂದು ಮೊರ ಜ್ವಾಳ ಐತಿ, ತರ್ತೀನಿ!" ಎಂದು ಲಿಂಗಕ್ಕ ಒಳಗೆ ಓಡಿದಳು. ಆದರೆ ಓಣಿಯ ತಿರುವಿನಲ್ಲಿ ಸೈಕಲ್ಲಿನ ಗಂಟೆ ಕೇಳಿಸಿಯೇಬಿಟ್ಟಿತು.

ರಾಯರು ಇಳಿದರು. ಅವರ ಹಿಂದೆ ಭೀಮಲಿಂಗಪ್ಪ. ಹೊಲದ ನಟ್ಟನಡುವೆ ಹುಂಜ.

"ಏನಪ್ಪಾ ಇದು?"

"ಪ್ಲಾನು, ಸ್ವಾಮಿ." ಯರ್ರೆಪ್ಪನ ಕಣ್ಣ ಮುಂದೆ ನಾಗಲದಿನ್ನೆಯ ಹೊಳೆ ಹರಿಯುತ್ತಿತ್ತು.

ರಾಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. "ಇತ್ತ ಹತ್ತಿ. ಬದುವಿಗೆ ಔಡಲ. ಸರಿ. ಈ ಅರ್ಧ?"

"ಅದು ಖಾಲಿ, ಸ್ವಾಮಿ."

"ಬೇಕಂತಲೇ ಖಾಲಿ ಬಿಟ್ಟೆಯೋ?"

"ಇಲ್ಲ ಸ್ವಾಮಿ, ಅದು ಕೋಳಿ..."

"ಕೋಳಿ ಗೊಬ್ಬರಾನೂ ಹಾಕ್ತೀಯಾ? ಭೇಷ್!" ರಾಯರು ನೆಟ್ಟಗೆ ನಿಂತರು. "ಹನ್ನೊಂದು ಮನೆ ನೋಡಿ ಬಂದೆ. ಒಬ್ಬನಾದರೂ ನೆಲಕ್ಕೆ ಉಸಿರಾಡೋಕೆ ಜಾಗ ಬಿಟ್ಟಿಲ್ಲ. ಈ ಅಂಚಿನಿಂದ ಆ ಅಂಚಿಗೆ ಬಿತ್ತಿ ಕೂತಿದ್ದಾರೆ! ಇವನು ಅರ್ಧ ಬೀಳು ಬಿಟ್ಟಿದ್ದಾನೆ. ನೋಡಿ, ಉಳುಮೆ ಗೆರೇನೂ ತೋರಿಸಿದ್ದಾನೆ!" ಕೋಳಿ ಕೆದರಿದ ಗೆರೆಗಳನ್ನು ಅವರು ಬೆರಳಿನಿಂದ ಸವರಿದರು. "ಮಳೆ ಕೈಕೊಟ್ಟರೆ?"

"ಇನ್ನ ಏನು ಹೋಗಾದು ಐತಿ ಸ್ವಾಮಿ," ಯರ್ರೆಪ್ಪ ದುಃಖದಿಂದ ಹೇಳಿದ.

"ಸರಿಯಾದ ಮಾತು! ಬಿತ್ತದ ನೆಲದಲ್ಲಿ ಬೀಜ ಕಳೆಯೋ ಭಯವಿಲ್ಲ. ಊಟಕ್ಕೆ ಕಾಳು?"

"ನನ್ನ ಹೊಲದಾಗ ಜ್ವಾಳ ಐತಿ ಸ್ವಾಮಿ, ಅವರೇನು ಉಪಾಸ ಬೀಳಾಂಗಿಲ್ಲ," ಎಂದ ಭೀಮಲಿಂಗಪ್ಪ. ಅಳಿಯನನ್ನು ನೋಡಿ ಅವನ ಎದೆ ಉಬ್ಬಿತ್ತು.

ರಾಯರು ಅಂಗಳದಲ್ಲಿದ್ದುದನ್ನು ಇದ್ದಂತೆಯೇ ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿದರು. "ಇದರಂತೆಯೇ ನಡೀಬೇಕು. ಸುಗ್ಗಿಗೆ ಬಂದು ನೋಡ್ತೀನಿ."

ಯರ್ರೆಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಅಬ್ಬಾ! ಗೆದ್ದೆ! ಹೊಲ ಬಂತು, ನಾಗಲದಿನ್ನೆ ತಪ್ಪಿತು. ಹುಂಜವನ್ನು ಎತ್ತಿ ಮುದ್ದಿಡಬೇಕೆನಿಸಿತು. ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಲಿಂಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಜಂಬಪ್ಪ, ಉರುಕುಂದಪ್ಪ ಇಬ್ಬರೂ "ನಾನ ಹೇಳಿಕೊಟ್ಟಿದ್ದು" ಎಂದು ಹೊಸ ಜಗಳ ಶುರುಮಾಡಿದರು.

ಸೈಕಲ್ಲು ಹತ್ತುವ ಮುಂಚೆ ರಾಯರು ತಿರುಗಿದರು. "ಬೀಳು ಅಂದರೆ ಸುಮ್ಮನೆ ಬಿಡೋದಲ್ಲ. ಏಳು ಕೋಳಿ ಗೊಬ್ಬರ ಮೂರೆಕರೆಗೆ ಎಲ್ಲಿ ಸಾಕಾಗುತ್ತೆ? ಕುರಿ ಮಂದೆ ನಿಲ್ಲಿಸಬೇಕು."

"ಸರೇ ಸ್ವಾಮಿ!" ಎಂದ ಭೀಮಲಿಂಗಪ್ಪ. "ನೂರಿಪ್ಪತ್ತು ಅದಾವ."

"ಒಂದೆರಡು ದಿನಕ್ಕಲ್ಲ. ಬಿತ್ತನೆಯಿಂದ ಸುಗ್ಗಿವರೆಗೆ, ದಿನಾ ಹಟ್ಟಿಯ ಜಾಗ ಬದಲಿಸುತ್ತ. ಪಕ್ಕದಲ್ಲೇ ಹತ್ತಿ ಇರುತ್ತೆ, ಎಚ್ಚರ. ಕುರಿ ಬಲ್ಲವನು, ಹೊಲದ ಮೇಲೆ ಕಾಳಜಿ ಇರೋನು ಕಾಯಬೇಕು. ಅಂಥವನು ಇದ್ದಾನೋ?"

ಎಲ್ಲರೂ ಯರ್ರೆಪ್ಪನ ಕಡೆ ನೋಡಿದರು. ರಾಯರು ಅದನ್ನೂ ಬರೆದುಕೊಂಡು ಹೋದರು.

"ಮಾವಾ, ಕುರಿಗೆ ಆಳು ಇಡ್ತೀನಿ ಅಂದಿದ್ದಿ..." ಯರ್ರೆಪ್ಪನ ದನಿ ಕುರಿಮರಿಯದಾಗಿತ್ತು.

"ಆಳು ಯಾಕೋ? ಸಹಿ ಆಗೇತಿ!"

"ಇರಲಿ ಬಿಡ್ರಿ," ಲಿಂಗಕ್ಕ ನಗು ತಡೆದುಕೊಂಡು ಹತ್ತಿರ ಬಂದಳು. "ಊರ ಮಗ್ಗಲಾಗ ಇರ್ತೀರಿ. ದಿನಾ ಬಿಸಿ ರೊಟ್ಟಿ ತರ್ತೀನಿ." ಆ ಮಾತಿಗೆ ಅವನ ಸಂಕಟ ಸ್ವಲ್ಪ ಇಳಿದದ್ದು ನಿಜ.

ಭೀಮಲಿಂಗಪ್ಪ ತಾನೇ ಅಟ್ಟ ಹತ್ತಿ ಕಂಬಳಿ, ಕೋಲು ಇಳಿಸಿ ತಂದು, ಧೂಳು ಕೊಡವಿ ಅಳಿಯನ ಹೆಗಲಿಗೇರಿಸಿದ.

"ತಗೋ ಯಜಮಾನ. ಇಷ್ಟು ದಿನ ನೀ ನನ್ನ ಕುರಿ ಅಷ್ಟ ಕಾಯ್ತಿದ್ದಿ. ಇನ್ನ ಮ್ಯಾಲ ನನ್ನ ಕುರಿ ಬಾಯಿಂದ ನಿನ್ನ ಹತ್ತೀನೂ ಕಾಯಬೇಕು."